ಒದ್ದೆ ಚರ್ಮಕ್ಕೊಂದು ಸ್ಟುಡಿಯೊ

ಹಸಿರು ಮರಗಪ್ಪೆಯೊಂದು ಸಂಗ್ರಹಾಲಯದ ಸ್ಪಿರಿಟ್ ಬಾಟಲಿ ಸೇರಿತೆಂದರೆ ಅದರ ಹಸಿರು ಹೆಚ್ಚು ಕಾಲ ನಿಲ್ಲುವುದಿಲ್ಲ. ಮೊದಲು ನೀಲಿಗೆ ತಿರುಗುತ್ತದೆ, ವರ್ಷ ಕಳೆದಂತೆ ಬೂದಿಬಣ್ಣಕ್ಕೆ ಬರುತ್ತದೆ. ಕಾರಣ ಅದರ ಚರ್ಮದ ರಚನೆಯಲ್ಲಿದೆ. ಬಹುಪಾಲು ಹಸಿರು ಕಪ್ಪೆಗಳ ಚರ್ಮದಲ್ಲಿ ಹಸಿರು ವರ್ಣದ್ರವ್ಯವೇ ಇಲ್ಲ. ಮೇಲಿನ ಪದರದ ಕೋಶಗಳಲ್ಲಿ ಹಳದಿ ವರ್ಣದ್ರವ್ಯ ಇರುತ್ತದೆ. ಅದರ ಕೆಳಗಿನ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಹರಳುಗಳು ಒಂದರ ಮೇಲೊಂದು ಕೂತು ನೀಲಿ-ಹಸಿರು ಬೆಳಕನ್ನು ಹಿಂದಕ್ಕೆ ಚೆಲ್ಲುತ್ತವೆ. ತಳದಲ್ಲಿ ಮೆಲನಿನ್ ತುಂಬಿದ ಕಪ್ಪು ಕೋಶಗಳಿವೆ. ಹರಳುಗಳಿಂದ ಮರಳಿದ ಬೆಳಕಿನಲ್ಲಿರುವ ನೀಲಿಯನ್ನು ಹಳದಿ ಪದರ ಹೀರಿಕೊಂಡು ಹಸಿರನ್ನಷ್ಟೇ ಹೊರಗೆ ಬಿಡುತ್ತದೆ. ಸ್ಪಿರಿಟ್ಟಿನಲ್ಲಿ ಹಳದಿ ಕರಗಿಹೋಗುತ್ತದೆ, ಹರಳುಗಳು ಹಾಗೇ ಉಳಿಯುತ್ತವೆ. ಕಪ್ಪೆ ನೀಲಿಯಾಗುತ್ತದೆ.

ಬಾಟಲಿಯಲ್ಲಿರುವ ಕಪ್ಪೆಯ ಮೂಳೆ ಎಣಿಸಬಹುದು, ಕಾಲಿನ ಉದ್ದ ಅಳೆಯಬಹುದು, ವಂಶವಾಹಿಯನ್ನೂ ಓದಬಹುದು. ಬದುಕಿದ್ದಾಗ ಅದು ಯಾವ ಬಣ್ಣದಲ್ಲಿತ್ತು, ಚರ್ಮ ಎಷ್ಟು ನಯವಾಗಿತ್ತು, ಕಣ್ಣಿನ ಪಾಪೆಯ ಸುತ್ತ ಯಾವ ಹೊನ್ನಿನ ಗೆರೆಯಿತ್ತು ಎಂಬುದನ್ನು ಬಾಟಲಿ ಹೇಳಲಾರದು.

ಕೆಲವೊಮ್ಮೆ ಬಾಟಲಿಯೂ ಉಳಿಯುವುದಿಲ್ಲ. ಸಿ.ಆರ್. ನಾರಾಯಣ ರಾವ್ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 1932ರಲ್ಲಿ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಹೊಸ ಕಪ್ಪೆಗಳನ್ನು ಒಂದೇ ಪ್ರಬಂಧದಲ್ಲಿ ವಿವರಿಸಿದರು. ಚಿಕ್ಕಮಗಳೂರು ಜಿಲ್ಲೆಯ ಕೊಟ್ಟಿಗೆಹಾರದ ಹೆಸರು ಹೊತ್ತ ಪುಟ್ಟ ಕಪ್ಪೆಯೂ ಅವುಗಳಲ್ಲಿ ಒಂದು. ಕಾಲೇಜಿನಲ್ಲಿಟ್ಟಿದ್ದ ಅವರ ಮಾದರಿಗಳು ಮುಂದೆ ಕಳೆದುಹೋದವು. ಅವರ ನಂತರ ಬಂದವರ ಪಾಲಿಗೆ ಉಳಿದದ್ದು ಮುಖ್ಯವಾಗಿ ಅಚ್ಚಾದ ವಿವರಣೆ. ಅದನ್ನು ಕೈಯಲ್ಲಿ ಹಿಡಿದು, ಅವರು ಹೆಸರಿಸಿದ ಊರುಗಳಿಗೇ ಹೋಗಿ, ಹಳ್ಳದಲ್ಲಿ ಸಿಕ್ಕ ಕಪ್ಪೆಗೂ ಪುಟದ ಮೇಲಿನ ಮಾತಿಗೂ ತಾಳೆ ನೋಡಬೇಕಾಯಿತು. ಕೊಟ್ಟಿಗೆಹಾರದ ಕಪ್ಪೆ ಈಗ ಮೈಕ್ರಿಕ್ಸಾಲಸ್ ಕುಲದಲ್ಲಿದೆ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳಿಗಾಗಿ 2010ರಲ್ಲಿ ರೂಪಿಸಿದ ರಾವೋರ್ಕೆಸ್ಟಿಸ್ ಎಂಬ ಕುಲನಾಮದಲ್ಲಿ ರಾಯರ ಹೆಸರೇ ಇದೆ.

ಜೀವಂತ ಕಪ್ಪೆಯ ನಂಬಲರ್ಹ ಚಿತ್ರಗಳು ಯಾಕೆ ಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಅಂಥ ಚಿತ್ರ ತೆಗೆಯುವ ಜಾಗವೇ ಈ ಅಧ್ಯಾಯದ ಸ್ಟುಡಿಯೊ. ಒಂದು ಮೇಜು, ಅದರ ಮೇಲೆ ಹಾಲುಬಿಳುಪಿನ ಅಕ್ರಿಲಿಕ್ ಹಾಳೆ, ಒಂದು ಗಾಜಿನ ತುಂಡು, ಎರಡು ಪುಟ್ಟ ಫ್ಲ್ಯಾಶ್, ಅವುಗಳ ಮುಂದೆ ಬಟರ್ ಪೇಪರಿನಂಥ ಡಿಫ್ಯೂಸರ್, ಮ್ಯಾಕ್ರೊ ಲೆನ್ಸಿನ ಕ್ಯಾಮೆರಾ, ಹಳ್ಳದ ನೀರಿನ ಒಂದು ಸ್ಪ್ರೇ ಬಾಟಲಿ. ಸಾಮಾನು ಇಷ್ಟೇ. ಇದನ್ನು ಬಳಸುವ ನಿಯಮಗಳನ್ನು ಮಾತ್ರ ನಾವು ಮಾಡುವಂತಿಲ್ಲ. ಬೆಳಕು ಎಷ್ಟು ದೊಡ್ಡದಿರಬೇಕು, ಎಷ್ಟು ಹೊತ್ತು ಹೊಳೆಯಬೇಕು, ಕಪ್ಪೆ ಎಷ್ಟು ನಿಮಿಷ ಮೇಜಿನ ಮೇಲಿರಬಹುದು, ನಮ್ಮ ಕೈಗೆ ಏನು ಸವರಿಕೊಂಡಿರಬಾರದು – ಎಲ್ಲವನ್ನೂ ತೀರ್ಮಾನಿಸುವುದು ಕಪ್ಪೆಯ ಚರ್ಮ.

ಒಂದೂವರೆ ಸೆಂಟಿಮೀಟರಿನ ಲೆಕ್ಕ

2016ರಲ್ಲಿ ಮಣಿಪಾಲದ ಸುತ್ತಲಿನ ಮುರಕಲ್ಲಿನ ಬಯಲಿನಿಂದ ಹೊಸ ಪ್ರಭೇದವೊಂದನ್ನು ಕೆ.ಎಸ್. ಶೇಷಾದ್ರಿ, ಕೆ.ವಿ. ಗುರುರಾಜ ಮತ್ತು ಜೊತೆಗಾರರು ವಿವರಿಸಿದರು. ಹೆಸರು ಮೈಕ್ರೊಹೈಲಾ ಲ್ಯಾಟರೈಟ್. ಉದ್ದ ಸುಮಾರು 16 ಮಿ.ಮೀ. ತಿಳಿ ಕಂದು ಮೈ, ಬೆನ್ನಿನ ಮೇಲೆ, ಪಕ್ಕೆಯಲ್ಲಿ, ಕೈಕಾಲುಗಳಲ್ಲಿ ಕಪ್ಪು ಗುರುತು. ಕೂಗು ಚಿಮ್ಮಂಡೆಯ ಸದ್ದಿನಂತಿದ್ದು, ಕೇಳಿದವರು ಹುಳುವೆಂದೇ ತಿಳಿಯುವ ಸಂಭವ ಹೆಚ್ಚು. ಘಟ್ಟದ ದಕ್ಷಿಣ ಭಾಗದಲ್ಲಿ ಇನ್ನೂ ಚಿಕ್ಕವಿವೆ. 2017ರಲ್ಲಿ ಸೋನಾಲಿ ಗರ್ಗ್, ಎಸ್.ಡಿ. ಬಿಜು ಮತ್ತು ಸಂಗಡಿಗರು ವಿವರಿಸಿದ 7 ಇರುಳುಗಪ್ಪೆಗಳಲ್ಲಿ 4 ಪ್ರಭೇದಗಳ ಉದ್ದ 12.2ರಿಂದ 15.4 ಮಿ.ಮೀ. ಒಳಗೇ ಇದೆ. ಅವುಗಳಲ್ಲೊಂದಕ್ಕೆ ಕಪ್ಪೆಗಳ ಚಿತ್ರ ತೆಗೆಯುತ್ತಲೇ ಅವುಗಳ ಉಳಿವಿಗೆ ದುಡಿದ ರಾಬಿನ್ ಮೂರ್ ಅವರ ಹೆಸರಿಟ್ಟಿದ್ದಾರೆ.

ಇಷ್ಟು ಚಿಕ್ಕ ಜೀವಿಯ ಚಿತ್ರಕ್ಕೆ ಮ್ಯಾಕ್ರೊ ಲೆನ್ಸ್ ಬೇಕು. ವಸ್ತುವಿನ ಗಾತ್ರ ಎಷ್ಟಿದೆಯೋ ಸೆನ್ಸರಿನ ಮೇಲೆ ಅದರ ಬಿಂಬವೂ ಅಷ್ಟೇ ಬಿದ್ದರೆ ಅದನ್ನು 1:1 ವರ್ಧನೆ ಎನ್ನುತ್ತಾರೆ. ಫುಲ್-ಫ್ರೇಮ್ ಸೆನ್ಸರಿನ ಅಗಲ 36 ಮಿ.ಮೀ. ನಮ್ಮ ಮುರಕಲ್ಲಿನ ಕಪ್ಪೆಯ ಬಿಂಬ ಅಲ್ಲಿ 16 ಮಿ.ಮೀ. ಮಾತ್ರ, ಅರ್ಧದಷ್ಟೂ ತುಂಬುವುದಿಲ್ಲ. ತುಂಬಿಸಬೇಕೆಂದರೆ ಎರಡು ಪಟ್ಟು ವರ್ಧನೆಗೆ ಹೋಗಬೇಕು. ತೊಂದರೆ ಅಲ್ಲಿಂದಲೇ ಶುರು.

ಲೆನ್ಸಿಗೆ ಒಂದು ದೂರದಲ್ಲಿರುವುದು ಮಾತ್ರ ಪೂರ್ತಿ ಸ್ಪಷ್ಟ. ಅದರ ಹಿಂದೆ ಮುಂದೆ ಸ್ವಲ್ಪ ದೂರದವರೆಗೆ ನಮ್ಮ ಕಣ್ಣಿಗೆ ಸ್ಪಷ್ಟವೆಂದೇ ತೋರುತ್ತದೆ. ಇದೇ ಸ್ಪಷ್ಟತೆಯ ಆಳ. 1:1 ವರ್ಧನೆಯಲ್ಲಿ, ಲೆನ್ಸಿನೊಳಗೆ ಬೆಳಕು ಹಾಯುವ ಕಂಡಿ, ಅಂದರೆ ಅಪರ್ಚರ್, ಎಫ್ 8ರಲ್ಲಿದ್ದಾಗ, ಈ ಆಳ ಸುಮಾರು 1 ಮಿ.ಮೀ. – ಒಂದು ಹಪ್ಪಳದ ದಪ್ಪ. ಎರಡು ಪಟ್ಟು ವರ್ಧಿಸಿದರೆ ಅದು 0.36 ಮಿ.ಮೀ.ಗೆ ಇಳಿಯುತ್ತದೆ. ಕಪ್ಪೆ ಮುಖ ನಮ್ಮ ಕಡೆಗಿದ್ದರೆ ಮೂಗಿನ ತುದಿ ಸ್ಪಷ್ಟವಾದಾಗ ಕಣ್ಣು ಮಸುಕು, ಕಣ್ಣು ಸ್ಪಷ್ಟವಾದಾಗ ಮೂಗು ಮಸುಕು.

ಅಪರ್ಚರನ್ನು ಇನ್ನೂ ಕಿರಿದು ಮಾಡಿದರೆ ಆಳ ಹೆಚ್ಚುತ್ತದಲ್ಲವೇ? ಹೆಚ್ಚುತ್ತದೆ, ಆದರೆ ಬೆಳಕಿನ ಅಲೆಗುಣ ಅಡ್ಡ ಬರುತ್ತದೆ. ಕಿರಿದಾದ ಕಂಡಿಯಲ್ಲಿ ತೂರಿ ಬಂದ ಬೆಳಕು ಅಗಲಕ್ಕೆ ಹರಡಿಕೊಳ್ಳುತ್ತದೆ, ಬಿಂದುವಿನ ಬಿಂಬ ಬಿಂದುವಾಗಿ ಉಳಿಯದೆ ಪುಟ್ಟ ಬಿಲ್ಲೆಯಾಗುತ್ತದೆ. ಮ್ಯಾಕ್ರೊದಲ್ಲಿ ಲೆನ್ಸ್ ಸೆನ್ಸರಿನಿಂದ ದೂರ ಸರಿಯುವುದರಿಂದ ಪರಿಣಾಮ ಇನ್ನೂ ಜೋರು. 1:1ರಲ್ಲಿ ಎಫ್ 16 ಎಂದು ಇಟ್ಟದ್ದು ನಿಜಕ್ಕೂ ಎಫ್ 32ರಂತೆ ವರ್ತಿಸುತ್ತದೆ. ಆಗ ಹಸಿರು ಬೆಳಕಿನ ಒಂದು ಬಿಂದು ಸೆನ್ಸರಿನ ಮೇಲೆ ಸುಮಾರು 0.043 ಮಿ.ಮೀ. ಅಗಲದ ಬಿಲ್ಲೆಯಾಗುತ್ತದೆ. 24 ಮೆಗಾಪಿಕ್ಸೆಲಿನ ಫುಲ್-ಫ್ರೇಮ್ ಸೆನ್ಸರಿನಲ್ಲಿ ಒಂದೊಂದು ಪಿಕ್ಸೆಲ್ ಸುಮಾರು 0.006 ಮಿ.ಮೀ. ಒಂದು ಬಿಂದು ಏಳು ಪಿಕ್ಸೆಲ್‌ಗಳ ಮೇಲೆ ಹರಡಿದ ಮೇಲೆ ಚರ್ಮದ ಸಣ್ಣ ಗುಳ್ಳೆಗಳು ಎಲ್ಲಿ ಕಾಣಬೇಕು?

ಬೇರೆ ಬೇರೆ ದೂರಕ್ಕೆ ಫೋಕಸ್ ಮಾಡಿದ ಹತ್ತಾರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬೆಸೆಯುವ ವಿಧಾನ ಉಂಟು. ಸತ್ತ ಜೀರುಂಡೆಗೆ ಅದು ಹೇಳಿಮಾಡಿಸಿದ್ದು. ಕಪ್ಪೆಗೆ ಪಕ್ಕೆಲುಬಿನ ಗೂಡಿನ ಉಸಿರಾಟವಿಲ್ಲ, ಗಂಟಲಿನ ತಳವನ್ನು ಏರಿಸಿ ಇಳಿಸಿ ಗಾಳಿಯನ್ನು ಒಳಗೆ ತಳ್ಳುತ್ತದೆ. ಎಷ್ಟೇ ನಿಶ್ಚಲವಾಗಿ ಕೂತರೂ ಗಂಟಲು ಬಡಿದುಕೊಳ್ಳುತ್ತಲೇ ಇರುತ್ತದೆ. ಬೆಸೆದ ಚಿತ್ರದಲ್ಲಿ ಗಂಟಲಿನ ಅಂಚು ಎರಡೆರಡಾಗಿ ಕಾಣುತ್ತದೆ.

ಆದ್ದರಿಂದ ಅನುಭವಿಗಳು ಕೋನವನ್ನು ನೆಚ್ಚುತ್ತಾರೆ. ಕಪ್ಪೆಯ ಪಕ್ಕೆ ಸೆನ್ಸರಿಗೆ ಸಮಾನಾಂತರವಾಗಿರುವಂತೆ ಕ್ಯಾಮೆರಾವನ್ನು ಅದರ ಕಣ್ಣಿನ ಮಟ್ಟಕ್ಕೆ ಇಳಿಸಿದರೆ, ಕಣ್ಣು, ಭುಜ, ಪಕ್ಕೆ, ತೊಡೆ ಹೆಚ್ಚುಕಡಿಮೆ ಒಂದೇ ತಲದಲ್ಲಿ ಬರುತ್ತವೆ. ಒಂದು ಮಿ.ಮೀ. ಆಳವನ್ನು ಪೋಲು ಮಾಡದೆ ಬೇಕಾದ ಕಡೆಗೇ ಹಂಚಿದಂತಾಗುತ್ತದೆ. ಮುಂದೆ ನೇರ ಮೇಲಿನಿಂದ ಬೆನ್ನು, ಆಮೇಲೆ ಹೊಟ್ಟೆ, ಅಂಗೈ, ಪಾದ. ಒಂದೇ ಚಿತ್ರದಲ್ಲಿ ಎಲ್ಲವನ್ನೂ ಹಿಡಿಯುವ ಆಸೆ ಬಿಟ್ಟು, ಒಂದು ಚಿತ್ರಕ್ಕೆ ಒಂದೇ ಕೆಲಸ ಕೊಟ್ಟಾಗ ಲೆಕ್ಕ ಕೂಡಿಬರುತ್ತದೆ.

ಹೊಳಪನ್ನು ಹರಡುವುದು

ಕಪ್ಪೆಯ ಚರ್ಮದ ಮೇಲೆ ಸದಾ ತೆಳುವಾದ ಲೋಳೆ ಇರುತ್ತದೆ. ನೀರಿನಂಥ ಈ ಪದರದ ಮೇಲೆ ನೇರ ಬಿದ್ದ ಬೆಳಕಿನಲ್ಲಿ ಶೇಕಡಾ 2ರಷ್ಟು ಒಳಗೆ ಹೋಗದೆ ಅಲ್ಲೇ ಪ್ರತಿಫಲಿಸುತ್ತದೆ. ಎರಡೇ ಪಾಲು ಎನಿಸಬಹುದು. ಆದರೆ ಆ ಎರಡು ಪಾಲು ಬೆಳಕಿನ ಮೂಲದ ಬಿಂಬವಾಗಿ ಮೂಡುತ್ತದೆ. ಫ್ಲ್ಯಾಶಿನ ಬಾಯಿ ಬರಿದಾಗಿದ್ದರೆ ಆ ಬಿಂಬ ಪುಟ್ಟದು, ಅತಿ ಪ್ರಖರ. ಕಪ್ಪೆಯ ಬೆನ್ನಿನ ಒಂದೊಂದು ಗುಳ್ಳೆಯ ತುದಿಯಲ್ಲೂ ಒಂದೊಂದು ಬಿಳಿ ಚುಕ್ಕೆ ಸುಟ್ಟಂತೆ ಕೂರುತ್ತದೆ. ಆ ಚುಕ್ಕೆಯ ಕೆಳಗಿನ ಬಣ್ಣ ಚಿತ್ರದಲ್ಲಿ ಇರುವುದೇ ಇಲ್ಲ, ಆಮೇಲೆ ಕಂಪ್ಯೂಟರಿನಲ್ಲಿ ಏನು ಮಾಡಿದರೂ ಮರಳುವುದಿಲ್ಲ.

ಪರಿಹಾರ ಬೆಳಕಿನ ಮೂಲವನ್ನು ದೊಡ್ಡದು ಮಾಡುವುದು. 20 ಸೆಂ.ಮೀ. ಅಗಲದ ಡಿಫ್ಯೂಸರನ್ನು ಕಪ್ಪೆಯಿಂದ 10 ಸೆಂ.ಮೀ. ದೂರಕ್ಕೆ ತಂದರೆ, ಆ ಪುಟ್ಟ ಜೀವಿಯ ಕಣ್ಣಿಗೆ ಅದು ಅರ್ಧ ಆಕಾಶವನ್ನೇ ಮುಚ್ಚಿದ ಮೋಡ. ಅದೇ ಶೇಕಡಾ 2 ಪ್ರತಿಫಲನ ಈಗ ಅಗಲವಾಗಿ ಹರಡಿ ಮೆಲುವಾದ ಹೊಳಪಾಗುತ್ತದೆ, ಅದರಡಿಯಲ್ಲಿ ಬಣ್ಣವೂ ಕಾಣುತ್ತದೆ. ಹತ್ತಿರ ತರುವುದರಿಂದ ಇನ್ನೊಂದು ಲಾಭ: ಬೆಳಕಿನ ದೂರ 60 ಸೆಂ.ಮೀ.ನಿಂದ 15ಕ್ಕೆ ಇಳಿದರೆ ಕಪ್ಪೆಯ ಮೇಲೆ ಬೀಳುವ ಬೆಳಕು ಸುಮಾರು 16 ಪಟ್ಟು ಹೆಚ್ಚುತ್ತದೆ, ಫ್ಲ್ಯಾಶಿನ ಶಕ್ತಿಯನ್ನು ಅಷ್ಟೇ ತಗ್ಗಿಸಬಹುದು.

ಹೊಳಪನ್ನು ಪೂರ್ತಿ ಅಳಿಸುವ ದಾರಿಯೂ ಇದೆ. ಫ್ಲ್ಯಾಶಿನ ಮುಂದೆ ಒಂದು ಪೋಲರೈಸರ್ ಹಾಳೆ, ಲೆನ್ಸಿನ ಮುಂದೆ ಅದಕ್ಕೆ 90 ಡಿಗ್ರಿ ತಿರುಗಿಸಿದ ಇನ್ನೊಂದು. ಲೋಳೆಯ ಮೇಲ್ಮೈಯಿಂದ ಪುಟಿದ ಬೆಳಕು ತನ್ನ ಕಂಪನದ ದಿಕ್ಕನ್ನು ಉಳಿಸಿಕೊಂಡಿರುವುದರಿಂದ ಎರಡನೆಯ ಹಾಳೆಯಲ್ಲಿ ತಡೆಯಲ್ಪಡುತ್ತದೆ. ಚರ್ಮದೊಳಗೆ ಹೊಕ್ಕು, ಅಲ್ಲಿ ಅಡ್ಡಾದಿಡ್ಡಿ ಚದುರಿ ಹೊರಬಂದ ಬೆಳಕು ದಿಕ್ಕನ್ನು ಕಳೆದುಕೊಂಡಿರುತ್ತದೆ, ಅದು ದಾಟಿ ಬರುತ್ತದೆ. ಚಿತ್ರದಲ್ಲಿ ಶುದ್ಧ ವರ್ಣವಿನ್ಯಾಸ ಮಾತ್ರ ಉಳಿಯುತ್ತದೆ: ಯಾವ ಪಟ್ಟೆ ಎಲ್ಲಿ ಮುಗಿಯುತ್ತದೆ, ಯಾವ ಚುಕ್ಕೆಗೆ ಅಂಚಿದೆ ಎಂಬುದೆಲ್ಲ ಸ್ಪಷ್ಟ. ಆದರೆ ಹೀಗೆ ತೆಗೆದ ಕಪ್ಪೆ ಒಣಗಿದ ಗೊಂಬೆಯಂತೆ ಕಾಣುತ್ತದೆ, ಒದ್ದೆತನ ಅದರ ಗುಣವೇ ಆಗಿರುವಾಗ ಅದನ್ನು ಅಳಿಸಿದ ಚಿತ್ರ ಅರ್ಧ ಸತ್ಯ. ಎರಡೂ ಬಗೆಯಲ್ಲಿ ಒಂದೊಂದು ತೆಗೆಯುವುದು ಸರಿಯಾದ ಕ್ರಮ.

ಬೆಳಕಿನ ದಿಕ್ಕೂ ಅಷ್ಟೇ ಮುಖ್ಯ. ಇರುಳುಗಪ್ಪೆಗಳ ಕುಲವಾದ ನಿಕ್ಟಿಬಟ್ರಾಕಸ್ ತನ್ನ ಸುಕ್ಕುಗಟ್ಟಿದ ಚರ್ಮಕ್ಕೆ ಹೆಸರಾದದ್ದು. ಎದುರಿನಿಂದ ಸಪಾಟಾದ ಬೆಳಕು ಬಿಟ್ಟರೆ ಸುಕ್ಕಿನ ನೆರಳುಗಳೆಲ್ಲ ಮಾಯವಾಗಿ ನುಣುಪಾದ ಕಪ್ಪೆ ಕಾಣುತ್ತದೆ, ಗುರುತಿನ ಮುಖ್ಯ ಲಕ್ಷಣವೇ ಹೋಗುತ್ತದೆ. ಒಂದು ಫ್ಲ್ಯಾಶನ್ನು ಪಕ್ಕಕ್ಕೆ, ಬೆನ್ನನ್ನು ಸವರಿಕೊಂಡು ಹೋಗುವಂತೆ ಓರೆಯಾಗಿಟ್ಟಾಗ ಪ್ರತಿ ಮಡಿಕೆಗೂ ಒಂದು ನೆರಳು ಬೀಳುತ್ತದೆ. ಅದೇ ಕುಲದ ಕಣ್ಣಿನ ಪಾಪೆ ವಜ್ರಾಕೃತಿಯದು, ಪೊದೆಗಪ್ಪೆಗಳದು ಅಡ್ಡಕ್ಕೆ ಮಲಗಿದ್ದು. ಇಲ್ಲಿ ಡಿಫ್ಯೂಸರಿನ ಬಿಳಿ ಬಿಂಬ ಕಣ್ಣಿನ ಮೇಲೆ ಎಲ್ಲಿ ಬೀಳುತ್ತದೆಂದು ನೋಡಿಕೊಳ್ಳಲೇಬೇಕು. ಪಾಪೆಯ ಅಂಚನ್ನು ಅದು ಮುಚ್ಚಿದರೆ ಕುಲ ಹೇಳುವ ಗುರುತು ಮುಚ್ಚಿದಂತೆ. ಡಿಫ್ಯೂಸರನ್ನು ತುಸು ಮೇಲಕ್ಕೆತ್ತಿದರೆ ಬಿಂಬ ಕಣ್ಣಿನ ಮೇಲಂಚಿಗೆ ಸರಿಯುತ್ತದೆ. ಕೆಳಗೆ ಹೊನ್ನಿನ ಬಣ್ಣದ ಐರಿಸ್, ಅದರ ಮೇಲೆ ಹರಡಿದ ಕಪ್ಪು ಎಳೆಗಳು, ನಡುವಿನ ಪಾಪೆ, ಎಲ್ಲವೂ ಬಿಚ್ಚಿಕೊಳ್ಳುತ್ತವೆ.

ಮಿಂಚಿನ ಅವಧಿ

ಕ್ಯಾಮೆರಾದ ಶಟರ್ ಸೆಕೆಂಡಿನ 200ರಲ್ಲಿ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೂ ಚಿತ್ರ ಮೂಡುವುದು ಅದಕ್ಕಿಂತ ಎಷ್ಟೋ ಬೇಗ. ಕೋಣೆಯ ಬೆಳಕು ಮಂದವಾಗಿದ್ದು, ಅಪರ್ಚರ್ ಕಿರಿದಾಗಿದ್ದರೆ ಸೆನ್ಸರಿಗೆ ಫ್ಲ್ಯಾಶ್ ಮಾತ್ರ ಕಾಣುತ್ತದೆ. ಕ್ಯಾಮೆರಾದ ಮೇಲೆ ಕೂರಿಸುವ ಸಾಮಾನ್ಯ ಫ್ಲ್ಯಾಶಿನ ಶಕ್ತಿಯನ್ನು ತಗ್ಗಿಸಿದಾಗ ಅದು ಮಂಕಾಗಿ ಉರಿಯುವುದಿಲ್ಲ, ಬೇಗ ಆರುತ್ತದೆ. ಶಕ್ತಿ 32ರಲ್ಲಿ ಒಂದು ಪಾಲಿಗೆ ಇಳಿದರೆ ಮಿಂಚಿನ ಅವಧಿ ಸೆಕೆಂಡಿನ 10,000ದಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಡಿಫ್ಯೂಸರನ್ನು ಹತ್ತಿರ ತಂದು ಶಕ್ತಿ ತಗ್ಗಿಸಿದ್ದರ ಫಲ ಇಲ್ಲಿ ಸಿಗುತ್ತದೆ.

ಕಪ್ಪೆಯ ಗಂಟಲು ಸೆಕೆಂಡಿಗೆ 20 ಮಿ.ಮೀ. ವೇಗದಲ್ಲಿ ಆಡುತ್ತಿದೆ ಎಂದಿಟ್ಟುಕೊಳ್ಳಿ. ಶಟರಿನ 200ರಲ್ಲೊಂದು ಸೆಕೆಂಡಿನಲ್ಲಿ ಅದು 0.1 ಮಿ.ಮೀ. ಸರಿಯುತ್ತದೆ. 1:1ರಲ್ಲಿ ಅದು ಸುಮಾರು ಹದಿನೇಳು ಪಿಕ್ಸೆಲ್‌ಗಳ ಮಸುಕು. ಫ್ಲ್ಯಾಶಿನ 10,000ದಲ್ಲೊಂದು ಸೆಕೆಂಡಿನಲ್ಲಿ ಸರಿಯುವುದು 0.002 ಮಿ.ಮೀ., ಒಂದು ಪಿಕ್ಸೆಲಿಗಿಂತ ಕಡಿಮೆ. ಬಡಿಯುವ ಗಂಟಲು ಕಲ್ಲಿನಲ್ಲಿ ಕೊರೆದಷ್ಟು ಸ್ಪಷ್ಟ. ಕಪ್ಪೆ ಜಿಗಿದಾಗ ಮಾತ್ರ ಸೆಕೆಂಡಿಗೆ 1 ಮೀಟರ್ ವೇಗವೆಂದರೂ ಅದೇ ಅವಧಿಯಲ್ಲಿ 0.1 ಮಿ.ಮೀ. ಸರಿದುಬಿಡುತ್ತದೆ, ಮತ್ತೆ ಮಸುಕು.

ಈ ತಂತ್ರಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಪ್ರಮುಖರು ಅಮೆರಿಕದ ಎಂಐಟಿಯ ಹ್ಯಾರಲ್ಡ್ ಎಜರ್ಟನ್. 1930ರ ದಶಕದಲ್ಲಿ ಅವರು ವಿದ್ಯುತ್ ಮಿಂಚಿನ ದೀಪಗಳನ್ನು ಛಾಯಾಗ್ರಹಣಕ್ಕೆ ಒಗ್ಗಿಸಿದರು. ಹಾಲಿನ ಹನಿ ಬಿದ್ದು ಕಿರೀಟವಾಗಿ ಏಳುವ ಅವರ 1957ರ ಬಣ್ಣದ ಚಿತ್ರ ಜಗತ್ಪ್ರಸಿದ್ಧ. ಕಪ್ಪೆಯ ವಿಷಯದಲ್ಲಿ ಈ ದೀಪದ ಇನ್ನೊಂದು ಗುಣ ಅಷ್ಟೇ ಬೆಲೆಯುಳ್ಳದ್ದು: ಅದು ಕಪ್ಪೆಯನ್ನು ಬಿಸಿ ಮಾಡುವುದಿಲ್ಲ. ಸದಾ ಉರಿಯುವ ಹ್ಯಾಲೊಜೆನ್ ದೀಪವನ್ನು ಒಂದು ಗೇಣು ದೂರದಲ್ಲಿಟ್ಟರೆ ಶೀತರಕ್ತದ ಪುಟ್ಟ ಜೀವಿ ಬೇಗನೆ ಕಾಯುತ್ತದೆ, ಒಣಗುತ್ತದೆ. ಫೋಕಸ್ ಮಾಡಲು ಮಂದವಾದ ಒಂದು ಎಲ್‌ಇಡಿ ಸಾಕು. ಕತ್ತಲೆಗೆ ಒಗ್ಗಿದ ಇರುಳುಗಪ್ಪೆಯ ಕಣ್ಣಿಗೂ ಅದೇ ಹಿತ. ಪದೇ ಪದೇ ಮಿಂಚು ಹೊಡೆದರೆ ಆ ಕಣ್ಣು ಮತ್ತೆ ಕತ್ತಲೆಗೆ ಹೊಂದಿಕೊಳ್ಳಲು ಸಮಯ ಬೇಕು, ಹಾಗಾಗಿ ಮಿಂಚುಗಳ ಸಂಖ್ಯೆಯಲ್ಲೂ ಹಿಡಿತ ಬೇಕು.

ಬಿಳಿ ಹಾಳೆ, ಗಾಜಿನ ತುಂಡು

2009ರಲ್ಲಿ ಸ್ಕಾಟ್ಲೆಂಡಿನ ನಿಯಲ್ ಬೆನ್ವಿ ಮತ್ತು ಅಮೆರಿಕದ ಕ್ಲೇ ಬೋಲ್ಟ್ ‘ಮೀಟ್ ಯುವರ್ ನೇಬರ್ಸ್’ ಎಂಬ ಯೋಜನೆ ಆರಂಭಿಸಿದರು. ಕಾಡು-ತೋಟಗಳ ಅಂಚಿನಲ್ಲೇ ಪುಟ್ಟ ಸ್ಟುಡಿಯೊ ಹೂಡಿ, ನೆರೆಹೊರೆಯ ಗಿಡ, ಹುಳು, ಕಪ್ಪೆಗಳನ್ನು ಬಿಳಿ ಹಿನ್ನೆಲೆಯಲ್ಲಿ ತೆಗೆದು ಅಲ್ಲೇ ಬಿಡುವುದು ಅದರ ಕ್ರಮ. ಅಕ್ರಿಲಿಕ್ ಹಾಳೆಯ ಹಿಂದಿನಿಂದ ಒಂದು ಫ್ಲ್ಯಾಶ್, ಮುಂದಿನಿಂದ ಇನ್ನೊಂದು. ಹಿಂದಿನ ಬೆಳಕು ಅಳತೆ ಮೀರಿದರೆ ಅದು ಕಪ್ಪೆಯ ಅಂಚನ್ನು ಕೊರೆದು ತಿನ್ನುತ್ತದೆ, ಕಡಿಮೆಯಾದರೆ ಹಿನ್ನೆಲೆ ಕೊಳೆಯಾಗುತ್ತದೆ. ಬಿಳಿಯಾಗುವ ಹಂತ ಮುಟ್ಟಿದೊಡನೆ ನಿಲ್ಲಿಸಬೇಕು.

ಬಿಳಿ ಹಾಳೆ ತೆಳುವಾದ ಅಂಗಗಳ ಮೂಲಕವೂ ಬೆಳಕನ್ನು ತೂರಿಸುತ್ತದೆ. ಕಾಲ್ಬೆರಳುಗಳ ನಡುವಿನ ಜಾಲಪೊರೆ ಎಲ್ಲಿಯವರೆಗೆ ಬಂದಿದೆ ಎಂಬುದು ಪ್ರಭೇದ ಗುರುತಿಸುವಲ್ಲಿ ದೊಡ್ಡ ಸಾಕ್ಷಿ. ಒದ್ದೆ ಎಲೆಯ ಮೇಲೆ ಅದು ಮಡಿಚಿಕೊಂಡು ಕಾಣುವುದೇ ಇಲ್ಲ. ಗಾಜಿನ ಮೇಲೆ ಕಪ್ಪೆ ತಾನಾಗಿ ಕೂತಾಗ, ಕೆಳಗಿನಿಂದ ತೆಗೆದರೆ ಬೆರಳುಗಳು ಹರಡಿಕೊಂಡಿರುತ್ತವೆ, ಪೊರೆಯ ಅಂಚು ಗೆರೆ ಎಳೆದಂತಿರುತ್ತದೆ. ಮರಗಪ್ಪೆಯಾದರೆ ಬೆರಳ ತುದಿಯ ಬಿಲ್ಲೆಗಳು ಗಾಜಿಗೆ ಒತ್ತಿಕೊಂಡು ದುಂಡಗಾಗಿರುವುದು ಕಾಣುತ್ತದೆ. ಆ ಬಿಲ್ಲೆಯ ಮೇಲ್ಮೈ ಸೂಕ್ಷ್ಮದರ್ಶಕದಲ್ಲಿ ಆರು ಮೂಲೆಯ ಕೋಶಗಳ ಹಾಸು, ಕೋಶಗಳ ನಡುವಿನ ಕಾಲುವೆಗಳಲ್ಲಿ ಲೋಳೆ. ಜಾರದೆ ಗಾಜು ಹತ್ತುವ ಶಕ್ತಿ ಅಲ್ಲಿದೆ. ಹೊಟ್ಟೆಯ ಭಾಗವನ್ನು ನೋಡಲು ಕಪ್ಪೆಯನ್ನು ಅಂಗಾತ ಹಿಡಿಯಬೇಕಾದ ಹಿಂಸೆಯೂ ಇದರಿಂದ ತಪ್ಪುತ್ತದೆ.

ಚರ್ಮದ ಮೂಲಕ ಬೆಳಕು ಹಾಯುವುದರಲ್ಲಿ ಎಂಥ ವಿಜ್ಞಾನ ಅಡಗಿರಬಹುದೆಂಬುದಕ್ಕೆ ಅಮೆರಿಕ ಖಂಡದ ಉಷ್ಣವಲಯದ ಗಾಜುಗಪ್ಪೆಗಳು ಸಾಕ್ಷಿ. ಹೊಟ್ಟೆಯ ಚರ್ಮ ಪಾರದರ್ಶಕವಾಗಿರುವ ಈ ಕಪ್ಪೆಗಳು ಹಗಲು ಎಲೆಯ ಮೇಲೆ ನಿದ್ರಿಸುವಾಗ ಇನ್ನೂ ಪಾರದರ್ಶಕವಾಗುತ್ತವೆ. ಕಾರ್ಲೋಸ್ ತಬೊಆಡ, ಜೆಸ್ಸಿ ಡೆಲಿಯಾ ಮತ್ತು ಸಂಗಡಿಗರು 2022ರಲ್ಲಿ ಕಾರಣ ತೋರಿಸಿದರು: ನಿದ್ರೆಯಲ್ಲಿ ಕಪ್ಪೆ ತನ್ನ ಕೆಂಪು ರಕ್ತಕಣಗಳಲ್ಲಿ ಸುಮಾರು ಶೇಕಡಾ 89ರಷ್ಟನ್ನು ಯಕೃತ್ತಿನಲ್ಲಿ ಅಡಗಿಸಿಡುತ್ತದೆ. ಎಚ್ಚರವಾದೊಡನೆ ರಕ್ತ ಮತ್ತೆ ಹರಿಯುತ್ತದೆ, ಹೆಪ್ಪುಗಟ್ಟುವುದಿಲ್ಲ.

ಹೊತ್ತು ನಿಗದಿ ಮಾಡುವುದು ಚರ್ಮ

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಹಿಂಭಾಗದ, ತೊಡೆಗಳ ನಡುವಿನ ತೆಳುವಾದ ಚರ್ಮವನ್ನು ಒದ್ದೆ ನೆಲಕ್ಕೆ ಒತ್ತಿ ನೀರು ಹೀರಿಕೊಳ್ಳುತ್ತದೆ. ಅದೇ ಚರ್ಮದಿಂದ ಆಮ್ಲಜನಕವನ್ನೂ ಪಡೆಯುತ್ತದೆ. ನೀರು ಒಳಗೆ ಬರುವ ಬಾಗಿಲಲ್ಲೇ ನೀರು ಹೊರಗೂ ಹೋಗುತ್ತದೆ. ಬಹುಪಾಲು ಕಪ್ಪೆಗಳ ಮೈಯಿಂದ ನೀರು ಆವಿಯಾಗುವ ವೇಗ ತೆರೆದಿಟ್ಟ ನೀರಿನಿಂದ ಆವಿಯಾಗುವಷ್ಟೇ ಇರುತ್ತದೆ. ಗಾತ್ರ ಕಿರಿದಾದಷ್ಟೂ ಅಪಾಯ ಹಿರಿದು. ಉದ್ದ ಅರ್ಧಕ್ಕಿಳಿದರೆ ಮೈಯ ಹರವು ಕಾಲುಭಾಗಕ್ಕೆ ಇಳಿಯುತ್ತದೆ, ಒಳಗಿರುವ ನೀರು ಎಂಟರಲ್ಲೊಂದು ಭಾಗಕ್ಕೆ. ಅಂದರೆ 3 ಸೆಂ.ಮೀ. ಕಪ್ಪೆಗಿಂತ 1.5 ಸೆಂ.ಮೀ. ಕಪ್ಪೆ ತನ್ನ ಪಾಲಿನ ನೀರನ್ನು ಎರಡರಷ್ಟು ಬೇಗ ಕಳೆದುಕೊಳ್ಳುತ್ತದೆ. ಒಂದು ಗ್ರಾಂ ಕೂಡ ತೂಗದ ಜೀವಿಗೆ ಫ್ಯಾನಿನ ಗಾಳಿಯೂ ಸಣ್ಣ ವಿಷಯವಲ್ಲ.

ಬಣ್ಣದ ದೃಷ್ಟಿಯಿಂದಲೂ ತಡ ಮಾಡುವಂತಿಲ್ಲ. ಕಪ್ಪು ಕೋಶಗಳೊಳಗಿನ ಮೆಲನಿನ್ ಕಣಗಳು ಹರಡಿದರೆ ಮೈ ಕಪ್ಪಾಗುತ್ತದೆ, ಒಂದೆಡೆ ಸೇರಿದರೆ ತಿಳಿಯಾಗುತ್ತದೆ. ಹಿನ್ನೆಲೆ, ತಾಪಮಾನ, ಗಾಬರಿ ಎಲ್ಲಕ್ಕೂ ಈ ಕಣಗಳು ಸ್ಪಂದಿಸುತ್ತವೆ. ಬಿಳಿ ಹಾಳೆಯ ಮೇಲೆ ಕೂತ ಕಪ್ಪೆ ಹೊತ್ತು ಹೋದಂತೆ ಬಿಳಿಚಿಕೊಳ್ಳಬಹುದು. ಆದ್ದರಿಂದ ಸಿಕ್ಕ ಜಾಗದಲ್ಲೇ ಮೊದಲ ಚಿತ್ರ ತೆಗೆಯಬೇಕು, ಸ್ಟುಡಿಯೊದ ಬೆಳಕು, ಫೋಕಸ್, ಅಪರ್ಚರ್ ಎಲ್ಲವನ್ನೂ ಕಪ್ಪೆಯ ಅಳತೆಯದೇ ಆದ ಒಂದು ಬೆಣಚುಕಲ್ಲಿಟ್ಟು ಮೊದಲೇ ಹೊಂದಿಸಿಕೊಂಡಿರಬೇಕು. ಕಪ್ಪೆ ಮೇಜಿಗೆ ಬಂದ ಮೇಲೆ ಉಳಿಯುವುದು ಕೆಲವೇ ನಿಮಿಷಗಳ ಕೆಲಸ. ಅದರ ಮೇಲೆ ಸಣ್ಣ ಬಟ್ಟಲು ಬೋರಲು ಹಾಕಿ ಕಾದರೆ ಕತ್ತಲಲ್ಲಿ ಸಮಾಧಾನಗೊಂಡು ಕಾಲು ಮಡಿಚಿ ಕೂರುತ್ತದೆ. ಬಟ್ಟಲೆತ್ತಿದ ಮೊದಲ ಕ್ಷಣಗಳ ಚಿತ್ರಗಳೇ ಸಾಮಾನ್ಯವಾಗಿ ಉತ್ತಮ.

ಮುಟ್ಟುವ ಕೈಗೂ ಕಟ್ಟುಪಾಡುಗಳಿವೆ. ಸೊಳ್ಳೆ ಓಡಿಸುವ ಮುಲಾಮು, ಸಾಬೂನು, ಸ್ಯಾನಿಟೈಸರ್ ಏನಿದ್ದರೂ ಚರ್ಮದ ಮೂಲಕ ನೇರ ಕಪ್ಪೆಯ ಒಳಕ್ಕೆ. ಪೌಡರ್ ಇಲ್ಲದ ನೈಟ್ರೈಲ್ ಕೈಗವಸು ಹಾಕಿ, ಅದನ್ನು ಅದೇ ಹಳ್ಳದ ನೀರಿನಲ್ಲಿ ತೊಳೆದು ಒದ್ದೆ ಮಾಡಿಕೊಳ್ಳಬೇಕು. ಕ್ಲೋರಿನ್ ಇರುವ ನಲ್ಲಿ ನೀರು ಬೇಡ. ಒಂದು ಕಪ್ಪೆಗೆ ಬಳಸಿದ ಕೈಗವಸು, ಡಬ್ಬಿ ಇನ್ನೊಂದಕ್ಕೆ ಸಲ್ಲದು. ಇದು ಅತಿ ಎಚ್ಚರಿಕೆ ಎನಿಸಿದರೆ ಕೈಟ್ರಿಡ್ ಶಿಲೀಂಧ್ರದ ಕಥೆ ಓದಬೇಕು. 1999ರಲ್ಲಿ ಹೆಸರಿಸಲಾದ ಈ ಶಿಲೀಂಧ್ರ ಕಪ್ಪೆಯ ಚರ್ಮದಲ್ಲಿ ಬೆಳೆದು, ಲವಣಗಳ ಸಾಗಾಟವನ್ನು ಕೆಡಿಸುತ್ತದೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿದು ಕೊನೆಗೆ ಹೃದಯ ನಿಲ್ಲುತ್ತದೆ. 2019ರಲ್ಲಿ ಪ್ರಕಟವಾದ ಜಾಗತಿಕ ಲೆಕ್ಕಾಚಾರದಂತೆ ಈ ರೋಗದಿಂದ ಕನಿಷ್ಠ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ, ಅವುಗಳಲ್ಲಿ 90 ನಿರ್ನಾಮವಾಗಿರಬಹುದು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ. ಕಪ್ಪೆ ಹುಡುಕುತ್ತ ಹಳ್ಳದಿಂದ ಹಳ್ಳಕ್ಕೆ ಹೋಗುವವರ ಬೂಟು, ಡಬ್ಬಿಗಳು ಅದಕ್ಕೆ ವಾಹನವಾಗಬಾರದು.

ಕಾನೂನೂ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಕಪ್ಪೆಯನ್ನು ಹಿಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹೊರಗೂ ಸಂಶೋಧಕರ ಜೊತೆಗೂಡಿ, ಅನುಮತಿಯ ಚೌಕಟ್ಟಿನಲ್ಲಿ ಕೆಲಸ ಮಾಡುವುದು ಕಪ್ಪೆಗೂ ಚಿತ್ರಕ್ಕೂ ಕ್ಷೇಮ.

ಮೇಜಿಗೆ ಬಾರದ ಬದುಕು

ಕೊಟ್ಟಿಗೆಹಾರದ ಆ ಪುಟ್ಟ ಕಪ್ಪೆಯ ಬಂಧುಗಳಿಗೆಲ್ಲ ಈಗ ಕುಣಿಯುವ ಕಪ್ಪೆಗಳೆಂದು ಹೆಸರು. ಹಳ್ಳದ ಮೊರೆತದಲ್ಲಿ ಕೂಗು ಸಾಲದೆಂದು ಗಂಡು ಬಂಡೆಯ ಮೇಲೆ ನಿಂತು ಹಿಂಗಾಲನ್ನು ಚಾಚಿ, ಬೆರಳು ಬಿಡಿಸಿ, ಪಕ್ಕದವನಿಗೆ ಬಾವುಟ ಬೀಸಿದಂತೆ ತೋರಿಸುತ್ತದೆ. ಕತ್ತಲೆಕಾನು ಕಾಡಿನ ರಾಮಪತ್ರೆ ಜಡ್ಡಿಗಳ (ಜೌಗು ತಾಣಗಳ) ಕುಂಬಾರ ಕಪ್ಪೆ, 2014ರಲ್ಲಿ ಗುರುರಾಜ ಮತ್ತು ಸಂಗಡಿಗರು ವಿವರಿಸಿದ್ದು, ತನ್ನ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಪೊದೆಗಪ್ಪೆಗಳಲ್ಲೊಂದಾದ ರಾವೋರ್ಕೆಸ್ಟಿಸ್ ಚಲಜೋಡಿಸ್ ಬಿದಿರಿನ ಸೀಳಿನಲ್ಲಿ ಮೈ ತೂರಿಸಿ ಒಳಗಿನ ಟೊಳ್ಳಿನಲ್ಲಿ ಮರಿ ಮಾಡುತ್ತದೆ. ಇವನ್ನೆಲ್ಲ ಅಲ್ಲೇ ಕೂತು, ಕಾದು ತೆಗೆಯಬೇಕು. ಬಿಳಿ ಹಾಳೆಯ ಮೇಲೆ ಬರುವುದು ಕಪ್ಪೆಯ ಮೈ ಮಾತ್ರ, ಅದರ ನಡತೆಯಲ್ಲ.

ಈ ಗೆರೆ ಮರೆತಾಗ ಸುಳ್ಳು ಹುಟ್ಟುತ್ತದೆ. ಎಲೆಯನ್ನು ಕೊಡೆ ಹಿಡಿದ ಕಪ್ಪೆ, ಜೀರುಂಡೆಯ ಬೆನ್ನೇರಿದ ಕಪ್ಪೆ, ಸಾಲಾಗಿ ಒಂದರ ಮೇಲೊಂದು ಕೂತು ನಗುವ ಕಪ್ಪೆಗಳ ಚಿತ್ರಗಳು ಲಕ್ಷಾಂತರ ಜನರ ಮೊಬೈಲಿನಲ್ಲಿ ಓಡಾಡಿವೆ. ಕಪ್ಪೆ ಕೊಡೆ ಹಿಡಿಯುವುದಿಲ್ಲ. ಬಾಯಿ ತೆರೆದದ್ದು ನಗುವೂ ಅಲ್ಲ, ಅದು ಸಂಕಟದ ಲಕ್ಷಣವಾಗಿರುವುದೇ ಹೆಚ್ಚು. ಶೀತರಕ್ತದ ಜೀವಿಯನ್ನು ತಣ್ಣಗೆ ಮಾಡಿದರೆ ಅದರ ಸ್ನಾಯುಗಳು ಮಂದವಾಗಿ, ಇಟ್ಟಂತೆ ಇರುತ್ತದೆ. ದಾರ ಕಟ್ಟಿದರೆ ಬೇಕಾದ ಭಂಗಿ ಬರುತ್ತದೆ. ಅಂಥ ಚಿತ್ರ ನೋಡಿದವರು ಕಪ್ಪೆಯ ಬಗ್ಗೆ ಕಲಿಯುವುದೆಲ್ಲ ತಪ್ಪು. ನೆಮ್ಮದಿಯಾಗಿರುವ ಕಪ್ಪೆಯ ಗುರುತು ಸುಲಭ: ಕೈಕಾಲು ಮೈಗೆ ಒತ್ತಿ ಮಡಿಚಿರುತ್ತವೆ, ಬಾಯಿ ಮುಚ್ಚಿರುತ್ತದೆ, ಕಣ್ಣು ಉಬ್ಬಿ ತೆರೆದಿರುತ್ತದೆ, ಗಂಟಲು ಹದವಾಗಿ ಆಡುತ್ತಿರುತ್ತದೆ.

ಚಿತ್ರ ಸಾಕ್ಷಿಯಾಗುವುದು ಯಾವಾಗ

ಪನಾಮದ ಎಲ್ ವಾಯೆ ಕಾಡುಗಳಿಗೆ ಕೈಟ್ರಿಡ್ ತಲುಪುವ ಮುನ್ನ, 2005ರಲ್ಲಿ, ಸಂಶೋಧಕರು ಅಲ್ಲಿಂದ ಕೆಲವು ಮರಗಪ್ಪೆಗಳನ್ನು ಅಮೆರಿಕಕ್ಕೆ ತಂದರು. ಅವು ಹೊಸ ಪ್ರಭೇದವೆಂದು 2008ರಲ್ಲಿ ವಿವರಣೆ ಪ್ರಕಟವಾಯಿತು. ಕಾಡಿನಲ್ಲಿ ಅದು ಮತ್ತೆ ಸಿಗಲಿಲ್ಲ. ಅಟ್ಲಾಂಟಾ ಸಸ್ಯೋದ್ಯಾನದಲ್ಲಿದ್ದ, ‘ಟಫಿ’ ಎಂದು ಕರೆಯುತ್ತಿದ್ದ ಕೊನೆಯ ಗಂಡು 2016ರ ಸೆಪ್ಟೆಂಬರಿನಲ್ಲಿ ಸತ್ತಿತು. ಛಾಯಾಗ್ರಾಹಕ ಜೋಯೆಲ್ ಸಾರ್ಟೋರಿ ತಮ್ಮ ‘ಫೋಟೊ ಆರ್ಕ್’ ಯೋಜನೆಗಾಗಿ ಸಾದಾ ಹಿನ್ನೆಲೆಯಲ್ಲಿ ಅದರ ಚಿತ್ರ ತೆಗೆದಿದ್ದರು. ಅದರ ಬೆರಳುಗಳ ನಡುವಿನ ದೊಡ್ಡ ಜಾಲಪೊರೆ, ಮುಂಗೈಯ ಅಂಚಿನ ಝಾಲರಿ, ಕಂದು ಚರ್ಮ ಹೇಗಿತ್ತೆಂದು ನಾಳಿನವರಿಗೆ ತಿಳಿಯುವುದು ಅಂಥ ಚಿತ್ರಗಳಿಂದಲೇ.

ಚಿತ್ರದ ಜೊತೆ ಮಾಹಿತಿ ಇಲ್ಲದಿದ್ದರೆ ಅದು ಅಲಂಕಾರ ಮಾತ್ರ. ಒಂದು ಚಿತ್ರದಲ್ಲಾದರೂ ಮಿ.ಮೀ. ಅಳತೆಪಟ್ಟಿ ಇರಬೇಕು. ಬೂದು ಕಾರ್ಡ್ ಅಥವಾ ಬಣ್ಣದ ಕಾರ್ಡ್ ಇಟ್ಟು ಒಂದು ತೆಗೆದರೆ ಯಾವ ಕಂಪ್ಯೂಟರಿನಲ್ಲೂ ಕಪ್ಪೆಯ ಬಣ್ಣವನ್ನು ಸರಿಯಾಗಿ ಮರಳಿ ಪಡೆಯಬಹುದು. ತಿದ್ದದ ಮೂಲ ಫೈಲನ್ನು ಅಳಿಸಬಾರದು. ದಿನಾಂಕ, ಸಮಯ, ಜಾಗ, ಎಲೆಯ ಮೇಲಿತ್ತೋ ಬಂಡೆಯ ಸಂದಿಯಲ್ಲೋ, ನೆಲದಿಂದ ಎಷ್ಟು ಎತ್ತರ, ಕೂಗುತ್ತಿತ್ತೇ – ಇವೆಲ್ಲ ಅಂದೇ ಬರೆದಿಡಬೇಕಾದವು. ಸ್ಟುಡಿಯೊದಲ್ಲಿ ತೆಗೆದದ್ದೆಂದು ಚಿತ್ರದ ಕೆಳಗೆ ಹೇಳಲೇಬೇಕು. ಕಪ್ಪೆಯನ್ನು ಹಿಡಿದ ಜಾಗಕ್ಕೇ, ಅದೇ ರಾತ್ರಿ ಮರಳಿ ಬಿಡುವುದು ಈ ಪಟ್ಟಿಯ ಕೊನೆಯಲ್ಲಿ ಬಂದರೂ ಮಹತ್ವದಲ್ಲಿ ಮೊದಲನೆಯದು. ಹೊಟ್ಟೆಯ ಚಿತ್ರ ಬಾಕಿಯಿರುವಾಗಲೇ ಕಪ್ಪೆ ಬಳಲಿದಂತೆ ಕಂಡರೆ ಚಿತ್ರವನ್ನು ಬಿಟ್ಟುಬಿಡಬೇಕು.

2023ರಲ್ಲಿ ಪ್ರಕಟವಾದ ಜಾಗತಿಕ ಮೌಲ್ಯಮಾಪನದ ಪ್ರಕಾರ ಜಗತ್ತಿನ ಉಭಯವಾಸಿಗಳಲ್ಲಿ ಸುಮಾರು ಶೇಕಡಾ 41 ಅಪಾಯದಲ್ಲಿವೆ. ಮೈಕ್ರೊಹೈಲಾ ಲ್ಯಾಟರೈಟ್ ಬದುಕುವ ಮುರಕಲ್ಲಿನ ಹಾಸುಗಳನ್ನು ಸರ್ಕಾರಿ ದಾಖಲೆಗಳು ಬಂಜರು ಭೂಮಿಯೆಂದು ಕರೆಯುತ್ತವೆ. ಕಲ್ಲು ಕೀಳಲು, ಕಸ ಸುರಿಯಲು, ಕಟ್ಟಡ ಎಬ್ಬಿಸಲು ಅವು ಸುಲಭವಾಗಿ ಸಿಗುತ್ತವೆ. ಜನ ಓಡಾಡುವ ವಿಶ್ವವಿದ್ಯಾಲಯದ ಊರಿನಲ್ಲೇ ಈ ಕಪ್ಪೆ 2016ರವರೆಗೆ ಹೆಸರಿಲ್ಲದೆ ಇತ್ತು. ಅದನ್ನು ಹೊಸದೆಂದು ಹೇಳಲು ಅದರ ಹತ್ತಿರದ ಬಂಧುಗಳ ಚರ್ಮ, ಕೂಗು, ವಂಶವಾಹಿ ಹೇಗಿವೆಯೆಂದು ತಿಳಿದಿರಬೇಕಿತ್ತು. ಹೀಗಾಗಿ ಅಪರೂಪದ್ದನ್ನೇ ಹುಡುಕಿ ಹೋಗಬೇಕಿಲ್ಲ. ಅಂಗಳದ ನೆಲಗಪ್ಪೆ, ಗದ್ದೆಯ ಕಪ್ಪೆ, ಬಾವಿಕಟ್ಟೆಯ ಮರಗಪ್ಪೆ, ಇವುಗಳ ಬೆನ್ನು, ಪಕ್ಕೆ, ಪಾದ, ಕಣ್ಣುಗಳ ಅಚ್ಚುಕಟ್ಟಾದ ಚಿತ್ರಗಳು ಊರೂರಿನಿಂದ ಕೂಡಿಬಂದರೆ, ಅವುಗಳಿಗಿಂತ ಬೇರೆಯದೊಂದು ಎದುರಾದಾಗ ಅದು ಬೇರೆಯೆಂದು ಹೇಳಲು ನಮ್ಮ ಬಳಿ ಆಧಾರ ಇರುತ್ತದೆ.